ಡಚ್ಚರು ಮುಚ್ಚುಮರೆ ಬಿಟ್ಟಿದ್ದು ಯಾವಾಗ?

ಪುಟ್ಟಿಯಪ್ಪ

ಹೋದ ವಾರ ಇಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಮಗಳ ಶಾಲೆಯಿಂದ ಪತ್ರ ಬಂತು. ಮಾರ್ಚ್‌ನಲ್ಲಿ ‘ಲೆಂಟೆಕ್ರೀಬಲ್ಸ್’ ವಾರ ಇದೆಯಂತೆ. ಲೆಂಟೆ ಅಂದರೆ ವಸಂತ, ಕ್ರೀಬಲ್ಸ್ ಅಂದರೆ ಕಚಗುಳಿ. ಹೂವು, ಚಿಟ್ಟೆ ಏನೋ ಇರಬೇಕು, ಪಾರ್ಕಿಗೆ ಕರೆದುಕೊಂಡು ಹೋಗ್ತಾರೆ ಅಂದುಕೊಂಡೆ. ಕೆಳಗೆ ಓದಿದರೆ ಲೈಂಗಿಕ ಶಿಕ್ಷಣ! ಮಗಳಿಗೆ ಆರು ವರ್ಷ.

ಅವತ್ತು ರಾತ್ರಿ ನಮ್ಮ ಯುಟ್ರೆಕ್ಟ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹನ್ನೊಂದರವರೆಗೂ ಜಗಳ. ಒಬ್ಬರ ಮಾತು ತಲೆಯಲ್ಲಿ ಕೂತುಬಿಟ್ಟಿತು. ‘ಇವರು ಮೊದಲಿಂದಲೂ ಹೀಗೇ ರೀ. ನಾಚಿಕೆ ಅನ್ನೋದೇ ಇಲ್ಲ.’ ಮಾರನೇ ದಿನ ಕಸದ ಡಬ್ಬಿ ಹೊರಗಿಡುವಾಗ ಪಕ್ಕದ ಮನೆಯ ಅಜ್ಜಿ ಸಿಕ್ಕಿದರು. ಎಂಬತ್ತು ದಾಟಿದವರು. ಈ ಮಾತು ಹೇಳಿದೆ. ಜೋರಾಗಿ ನಕ್ಕರು. ‘ನಾನು ದೊಡ್ಡವಳಾದ ದಿನ ಅಮ್ಮ ಒಂದು ಬಟ್ಟೆ ಕೈಗಿಟ್ಟು, ಅಣ್ಣಂದಿರಿಗೆ ಗೊತ್ತಾಗಬಾರದು ಅಂದರು. ನನಗೆ ಸಿಕ್ಕಿದ ಪಾಠ ಅಷ್ಟೇ’ ಅಂದರು.

ನಮ್ಮ ಅಜ್ಜಿಗೂ ಸಿಕ್ಕಿದ್ದು ಅಷ್ಟೇ ಅಲ್ವಾ? ಹಾಗಾದರೆ ನಡುವೆ ಏನಾಯ್ತು ಅಂತ ಹಠ ಹಿಡಿದು ಓದಿದೆ. ಓದಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

ಶುರು ಮಾಡಬೇಕಾದ್ದು ಅಲೆಟ್ಟಾ ಯಾಕೋಬ್ಸ್‌ರಿಂದ. 1854ರಲ್ಲಿ ಹುಟ್ಟಿದವರು, ಹಳ್ಳಿ ಡಾಕ್ಟರ ಮಗಳು. 1871ರಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಲು ಅವಕಾಶ ಕೊಡಿ ಅಂತ ನೇರವಾಗಿ ಆಗಿನ ಪ್ರಧಾನಿ ತೋರ್ಬೆಕೆಗೇ ಪತ್ರ ಬರೆದರು. ಒಪ್ಪಿಗೆ ಸಿಕ್ಕಿತು. ಆದರೆ ಉತ್ತರ ಬಂದಿದ್ದು ಅವರಿಗಲ್ಲ, ಅವರ ಅಪ್ಪನಿಗೆ! ಆ ಹುಡುಗಿಯೇ ಮುಂದೆ ದೇಶದ ಮೊದಲ ಮಹಿಳಾ ಡಾಕ್ಟರ್ ಆದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬಡ ಹೆಂಗಸರಿಗೆ ಪುಕ್ಕಟೆಯಾಗಿ ಔಷಧಿ ಕೊಡುತ್ತಿದ್ದರು. ಹೆತ್ತು ಹೆತ್ತು ಸೊರಗಿದವರನ್ನು ನೋಡಿ ನೋಡಿ, 1882ರಿಂದ ಗರ್ಭ ನಿಲ್ಲದಂತೆ ತಡೆಯುವ ರಬ್ಬರಿನ ಟೋಪಿಯಂಥ ಸಾಧನ ಕೊಡಲು ಶುರು ಮಾಡಿದರು. ಅದನ್ನು ರೂಪಿಸಿದ್ದು ಮೆನ್ಸಿಂಗಾ ಅನ್ನುವ ಜರ್ಮನಿಯ ಡಾಕ್ಟರ್. ಆದರೆ ಹೊರಗಿನವರ ಬಾಯಲ್ಲಿ ಅದು ‘ಡಚ್ ಕ್ಯಾಪ್’ ಆಯ್ತು.

ಇಷ್ಟು ಮುಂದಿದ್ದ ದೇಶ ಆಮೇಲೆ ಹಿಂದಕ್ಕೆ ಹೋಯ್ತು. ನನಗೆ ಆಶ್ಚರ್ಯ ಆಗಿದ್ದು ಇಲ್ಲೇ. 1911ರಲ್ಲಿ ನ್ಯಾಯಮಂತ್ರಿ ರೆಗೌಟ್ ‘ನೀತಿ ಕಾನೂನು’ ತಂದರು. ಗರ್ಭನಿರೋಧಕಗಳನ್ನು ಅಂಗಡಿಯಲ್ಲಿ ಕಾಣುವಂತೆ ಇಡುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಗರ್ಭಪಾತದ ಕಾನೂನು ಬಿಗಿಯಾಯ್ತು. ವೇಶ್ಯಾಗೃಹ ನಡೆಸುವುದು ಅಪರಾಧ. ಸಲಿಂಗ ಸಂಬಂಧಕ್ಕೆ ಮಾತ್ರ ವಯಸ್ಸಿನ ಮಿತಿ 21, ಉಳಿದವರಿಗೆ 16. ಈ ಕಟ್ಟುಗಳಲ್ಲಿ ಬಹುಪಾಲು ಐವತ್ತು ವರ್ಷಕ್ಕೂ ಜಾಸ್ತಿ ಉಳಿದವು. ವೇಶ್ಯಾಗೃಹದ ನಿಷೇಧವಂತೂ ಹೋಗಿದ್ದು 2000ದಲ್ಲಿ. ಇನ್ನೊಂದು ಕೇಳಿ. 1956ರವರೆಗೆ ಮದುವೆಯಾದ ಹೆಂಗಸು ಕಾನೂನಿನ ಕಣ್ಣಲ್ಲಿ ಮೈನರ್ ಇದ್ದ ಹಾಗೆ. ಗಂಡನ ಒಪ್ಪಿಗೆ ಇಲ್ಲದೆ ಒಂದು ಕರಾರಿಗೂ ಸಹಿ ಹಾಕುವಂತಿರಲಿಲ್ಲ.

ಮೊದಲಿಂದಲೂ ಹೀಗೇ ಅನ್ನುವವರಿಗೆ ಇಷ್ಟು ಸಾಕು ಅಂತ ಕಾಣುತ್ತೆ.

ಆಮ್‌ಸ್ಟೆಲ್ವೇನ್ ಮಾವ

ಚರಿತ್ರೆ ಚೆನ್ನಾಗಿದೆ ಸ್ವಾಮಿ. ವಾಟ್ಸಾಪಿನಲ್ಲಿ ಆ ಮಾತು ಹೇಳಿದ್ದು ನಾನಲ್ಲ, ಆದರೆ ಹೇಳಿದವರ ಪಕ್ಷ ನನ್ನದು. ಕಾಲೇಜು ಹುಡುಗರಿಗೆ ಹೇಳಲಿ, ಬೇಡ ಅನ್ನಲ್ಲ. ಆರು ವರ್ಷದ ಮಗುವಿಗೆ ಏನು ಹೇಳ್ತಾರೆ? ಅದನ್ನು ಹೇಳಿ ಮೊದಲು.

ಪುಟ್ಟಿಯಪ್ಪ

ಮಾವ, ನಿಮ್ಮ ಪ್ರಶ್ನೆಯೇ ನನ್ನದೂ ಆಗಿತ್ತು. ಪೋಷಕರನ್ನು ಕರೆದು ಪಾಠದ ಸಾಮಗ್ರಿ ತೋರಿಸಿದರು. ಹೋಗಿ ನೋಡಿದೆ. ಒಂದು ಮಗುವನ್ನು ದೊಡ್ಡ ಕಂದು ಕಾಗದದ ಮೇಲೆ ಮಲಗಿಸಿ ಸುತ್ತ ಗೆರೆ ಎಳೆಯುತ್ತಾರೆ. ಆಮೇಲೆ ಕಣ್ಣು, ಮೊಣಕಾಲು, ಹೊಕ್ಕುಳು ಅಂತ ಎಲ್ಲದರ ಹೆಸರು ಬರೆಯುತ್ತಾರೆ. ಎಲ್ಲದರದ್ದೂ. ಮುಂದಿನ ಆಟ ಕಚಗುಳಿ. ಒಬ್ಬರು ಇನ್ನೊಬ್ಬರಿಗೆ ಕಚಗುಳಿ ಇಡಬೇಕು, ಸಾಕು ಅನ್ನಿಸಿದವರು ಕೈ ಅಡ್ಡ ಹಿಡಿದು ‘ಸ್ಟಾಪ್, ಹೌ ಓಪ್’ ಅನ್ನಬೇಕು. ನಿಲ್ಲಿಸು, ಸಾಕು ಅಂತ. ಅಂದ ಕೂಡಲೇ ಎದುರಿನವರು ಬಿಡಬೇಕು. ಮಗು ಹೇಗೆ ಹುಟ್ಟುತ್ತೆ ಅನ್ನುವ ಪಾಠ ಮೇಲಿನ ತರಗತಿಗೆ, ಕಾಂಡೋಮಿನ ಮಾತು ಅದಕ್ಕಿಂತಲೂ ಮೇಲೆ.

ಮನೆಗೆ ಬಂದ ಮಗಳಿಗೆ ಅಭ್ಯಾಸಬಲದಿಂದ ಕೆನ್ನೆ ಹಿಂಡಿದೆ. ಕೈ ಅಡ್ಡ ಹಿಡಿದು ‘ಸ್ಟಾಪ್’ ಅಂದಳು. ನಾನು ಬಿಟ್ಟೆ. ಬಿಡದೆ ಏನು ಮಾಡಲಿ?

ಕುಂದಾಪ್ರದ ನರ್ಸಕ್ಕ

ನಾನು ಬ್ರಾಬಂಟ್ ಕಡೆ ವೃದ್ಧಾಶ್ರಮದಲ್ಲಿ ಕೆಲಸ ಮಾಡುವವಳು. ಇದು ಕ್ಯಾಥೊಲಿಕರ ಪ್ರಾಂತ್ಯ. ನಮ್ಮಲ್ಲಿರುವ ಅಜ್ಜಿಯಂದಿರಲ್ಲಿ ಎಂಟು, ಹತ್ತು ಹೆತ್ತವರು ಇದ್ದಾರೆ. ಕಾಲಿಗೆ ಕ್ರೀಮ್ ಹಚ್ಚುವಾಗ, ಕೂದಲು ಬಾಚುವಾಗ ಮಾತು ಬಿಚ್ಚುತ್ತಾರೆ. ಒಬ್ಬರು ಹೇಳಿದ ಕಥೆ ಮರೆಯಲ್ಲ. ಎರಡು ವರ್ಷ ಬಸಿರಾಗದೇ ಇದ್ದರೆ ಪಾದ್ರಿ ಮನೆಗೆ ಬರುತ್ತಿದ್ದರಂತೆ. ಕಾಫಿ ಕುಡಿದು, ತೊಟ್ಟಿಲ ಕಡೆ ನೋಡಿ, ‘ಇದು ಖಾಲಿ ಇದೆಯಲ್ಲಮ್ಮಾ’ ಅನ್ನುತ್ತಿದ್ದರಂತೆ. ಗಂಡ ಏನೂ ಮಾತಾಡದೆ ಚರ್ಚಿನ ಪತ್ರಿಕೆ ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದನಂತೆ.

ಅವರೇ ಇನ್ನೊಂದು ಹೇಳಿದರು. 1963ರ ಮಾರ್ಚ್ ತಿಂಗಳು. ಡೆನ್ ಬಾಸಿನ ಬಿಷಪ್ ಬೆಕ್ಕರ್ಸ್ ಟಿವಿಯಲ್ಲಿ ಬಂದರು. ಎಷ್ಟು ಮಕ್ಕಳು ಬೇಕು ಅನ್ನುವುದು ಗಂಡ ಹೆಂಡತಿ ತಮ್ಮ ಆತ್ಮಸಾಕ್ಷಿಯಂತೆ ತೀರ್ಮಾನಿಸಬೇಕಾದ ವಿಷಯ, ಅದರಲ್ಲಿ ಬೇರೆಯವರು ಕೈಹಾಕುವಂತಿಲ್ಲ ಅನ್ನುವ ಅರ್ಥದ ಮಾತಾಡಿದರು. ಬೀದಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಂತೆ, ಅಲ್ಲೇ ಎಲ್ಲರೂ ಸೇರಿದ್ದರಂತೆ. ಮುಗಿದ ಮೇಲೆ ಯಾರೂ ಒಂದು ಮಾತೂ ಆಡಲಿಲ್ಲವಂತೆ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ (ಇಲ್ಲಿ ಬೇಕರಿಯಲ್ಲಿ ಅನ್ನಿ) ಹೆಂಗಸರೆಲ್ಲ ಅದನ್ನೇ ಮಾತಾಡಿದರಂತೆ. ಇದನ್ನು ಹೇಳುವಾಗ ಆ ಅಜ್ಜಿಯ ಮುಖ ನೋಡಬೇಕಿತ್ತು ನೀವು.

ಹಳೇ ಕಾಗದ

ನರ್ಸಕ್ಕ ಹೇಳಿದ್ದಕ್ಕೆ ಒಂದು ಗಂಟು ಹಾಕುತ್ತೇನೆ. ಆ ಬಿಷಪ್ಪರ ಊರಿನಿಂದ ಸ್ವಲ್ಪ ದೂರದಲ್ಲೇ ಓಸ್ ಅನ್ನುವ ಪಟ್ಟಣ. ಅಲ್ಲಿ ಮಾಂಸದ ಕಾರ್ಖಾನೆ ಇತ್ತು. ಕಡಿದ ದನ, ಹಂದಿಗಳ ಗ್ರಂಥಿ ಸುಮ್ನೆ ಎಸೆಯುವ ಬದಲು ಔಷಧಿ ಮಾಡೋಣ ಅಂತ 1923ರಲ್ಲಿ ಆರ್ಗನಾನ್ ಕಂಪನಿ ಹುಟ್ಟಿತು. ಮೊದಲು ಇನ್ಸುಲಿನ್, ಆಮೇಲೆ ಹಾರ್ಮೋನು. 1962ರಲ್ಲಿ ಅಲ್ಲಿಂದಲೇ ಲಿಂಡಿಯಾಲ್ ಅನ್ನುವ ಗರ್ಭನಿರೋಧಕ ಮಾತ್ರೆ ಬಂತು. ಕ್ಯಾಥೊಲಿಕ್ ಊರಿನ ಕಂಪನಿ ನೋಡಿ, ಮೊದಮೊದಲು ‘ಮುಟ್ಟು ಸರಿಹೋಗುವ ಮಾತ್ರೆ’ ಅಂತ ಮೆಲ್ಲಗೆ ಹೇಳಿಕೊಂಡರು. ಮಾತ್ರೆ ಬಂದ ಮರುವರ್ಷ ಬಿಷಪ್ಪರ ಮಾತು. 1968ರಲ್ಲಿ ಪೋಪ್ ಮಾತ್ರೆ ಬೇಡ ಅಂದಾಗ ಇಲ್ಲಿಯ ಮನೆಗಳಲ್ಲಿ ತೀರ್ಮಾನ ಆಗಿಹೋಗಿತ್ತು.

ಪುಟ್ಟಿಯಪ್ಪನವರು ಒಂದು ದೊಡ್ಡ ಕೊಂಡಿ ಬಿಟ್ಟಿದ್ದಾರೆ, ಅದು ಸಂಘಗಳದ್ದು. 1881ರಲ್ಲಿ ನವ ಮಾಲ್ತಸ್ ಸಂಘ ಅಂತ ಒಂದು ಹುಟ್ಟಿತು, ಮಕ್ಕಳು ಮಿತವಾಗಿರಲಿ ಅನ್ನುವವರದ್ದು. ಅದರಲ್ಲಿ ಮುಖ್ಯರಾದವರು ಡಾಕ್ಟರ್ ಯೊಹಾನೆಸ್ ರಟ್ಗರ್ಸ್. ಜರ್ಮನ್ನರು ದೇಶ ಹಿಡಿದಾಗ ಸಂಘ ಮುಚ್ಚಿತು. ಯುದ್ಧ ಮುಗಿದ ಮೇಲೆ 1946ರಲ್ಲಿ ಎನ್‌ವಿಎಸ್‌ಎಚ್ ಅನ್ನುವ ಹೊಸ ಹೆಸರಿನಲ್ಲಿ ಎದ್ದಿತು. ಲೈಂಗಿಕ ಸುಧಾರಣಾ ಸಂಘ ಅಂತ ಅರ್ಥ. 60ರ ದಶಕದ ನಡುವೆ ಅದರ ಸದಸ್ಯರು 2 ಲಕ್ಷಕ್ಕೂ ಹೆಚ್ಚು! ದೇಶದ ಜನಸಂಖ್ಯೆ ಆಗ ಸುಮಾರು ಒಂದೂಕಾಲು ಕೋಟಿ. ಅಷ್ಟು ಜನ ಸುಧಾರಕರಾಗಿದ್ದರು ಅಂತ ತಿಳಿಯಬೇಡಿ. ಕಾಂಡೋಮ್, ಕ್ಯಾಪ್ ಅಂಗಡಿಯಲ್ಲಿ ಬಹಿರಂಗವಾಗಿ ಸಿಗುತ್ತಿರಲಿಲ್ಲ, ಸದಸ್ಯರಾದರೆ ಸಂಘದಿಂದ ಸಿಗುತ್ತಿತ್ತು. ನಮ್ಮಲ್ಲಿ ಸೊಸೈಟಿ ಕಾರ್ಡ್ ಇದ್ದರೆ ಸಕ್ಕರೆ ಸಿಗುತ್ತಿತ್ತಲ್ಲ, ಹಾಗೆ. ಆಮೇಲೆ ನಿಷೇಧ ಸಡಿಲವಾಯ್ತು, ಮಾತ್ರೆ ಮನೆ ಡಾಕ್ಟರ ಹತ್ತಿರವೇ ಸಿಕ್ಕಿತು, ಸದಸ್ಯರು ಸಾಲುಸಾಲಾಗಿ ಬಿಟ್ಟರು. ಗೆದ್ದು ಖಾಲಿಯಾದ ಸಂಘ ಅದು. 1969ರಲ್ಲಿ ಅದರ ಕ್ಲಿನಿಕ್ಕುಗಳು ಪ್ರತ್ಯೇಕ ಸಂಸ್ಥೆಯ ಕೈಗೆ ಹೋದವು. ಹಳೇ ಡಾಕ್ಟರರ ನೆನಪಿಗೆ ಅದಕ್ಕೆ ರಟ್ಗರ್ಸ್ ಅಂತಲೇ ಹೆಸರಿಟ್ಟರು. ನಿಮ್ಮ ಮಗಳ ಶಾಲೆಯ ಲೆಂಟೆಕ್ರೀಬಲ್ಸ್ ಹಿಂದೆ ಇರುವುದು ಅದೇ ರಟ್ಗರ್ಸ್.

ಅಲೆಟ್ಟಾ ಬಗ್ಗೆ ಒಂದು ಖಾರ. 1915ರಲ್ಲಿ ಅಮೆರಿಕದಿಂದ ಸಂತಾನ ನಿಯಂತ್ರಣದ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಕ್ಯಾಪ್ ಹಾಕುವುದನ್ನು ಕಲಿಯಲು ಇಲ್ಲಿಗೆ ಬಂದರು. ಅಲೆಟ್ಟಾ ಭೇಟಿಗೇ ಒಪ್ಪಲಿಲ್ಲ. ಇದು ಡಾಕ್ಟರರ ಕೆಲಸ, ಸ್ಯಾಂಗರ್ ನರ್ಸ್ ಅಂತ! ಬಾಗಿಲು ತಟ್ಟಿ ತಟ್ಟಿ ಒಳಗೆ ಹೋದವರೇ ಮುಂದಿನವರಿಗೆ ಬಾಗಿಲು ಹಾಕುವುದು ನಮಗೇನು ಹೊಸದಲ್ಲ. ಕಲಿಸಿದ್ದು ಡಾಕ್ಟರ್ ರಟ್ಗರ್ಸ್. ಅದೇ ಸ್ಯಾಂಗರ್ 1935ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿ ಹತ್ತಿರ ವಾದ ಮಾಡಿ ಸೋತು ಹೋದರು.

ಹುಬ್ಬಳ್ಳಿ ಡಾಕ್ಟರ್

ಹಳೇ ಕಾಗದ ಸರ್, ನಮ್ಮ ಮೈಸೂರನ್ನು ಮರೆತಿರಿ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಜಗತ್ತಿನಲ್ಲಿ ಒಂದು ಸರ್ಕಾರ ತಾನೇ ತೆರೆದ ಮೊದಲ ಕ್ಲಿನಿಕ್ ಅಂತ ಅದನ್ನು ಹೇಳುತ್ತಾರೆ. ಆ ಹೊತ್ತಿಗೆ ಡಚ್ಚರ ನಾಡಿನಲ್ಲಿ ಕಾಂಡೋಮನ್ನು ಗಾಜಿನ ಕಪಾಟಿನಲ್ಲಿ ಇಡುವಂತಿರಲಿಲ್ಲ. ನಾವು ಮುಂದಿದ್ದೆವು ರೀ!

ಆಮೇಲೆ ಏನಾಯ್ತು ಅಂತ ನನ್ನ ಓಪಿಡಿಯಲ್ಲಿ ದಿನಾ ನೋಡ್ತೀನಿ. ನಮ್ಮಲ್ಲಿ ಸರ್ಕಾರ ಕ್ಲಿನಿಕ್ ಕೊಟ್ಟಿತು, ಕೆಂಪು ತ್ರಿಕೋನ ಕೊಟ್ಟಿತು, ಆಪರೇಷನ್ ಕ್ಯಾಂಪ್ ಕೊಟ್ಟಿತು. ಮಾತು ಮಾತ್ರ ಯಾರೂ ಆಡಲಿಲ್ಲ. ಅಲ್ಲಿ ಸರ್ಕಾರ ತಡವಾಗಿ ಬಂತು, ಮಾತು ಮೊದಲು ಬಂತು. ನನಗೆ ಕಾಣುವ ವ್ಯತ್ಯಾಸ ಇದು. 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಡೆಹಿಡಿದ ರಾಜ್ಯಗಳ ಪೈಕಿ ನಮ್ಮದೂ ಇತ್ತು ಅನ್ನೋದು ನೆನಪಿರಲಿ.

ಒಂದು ಅನುಮಾನ. ಎಲ್ಲದಕ್ಕೂ ಶಾಲೆಯ ಪಾಠವೇ ಕಾರಣವಾ? ಹದಿಹರೆಯದವರ ಹೆರಿಗೆ ಅಲ್ಲಿ ಸಾವಿರ ಹುಡುಗಿಯರಿಗೆ 5ಕ್ಕಿಂತ ಕಡಿಮೆ ಅಂತಾರೆ. ಒಂದು ವಾರದ ಕಚಗುಳಿ ಆಟದಿಂದ ಅದು ಆಗಲ್ಲ.

ಪುಟ್ಟಿಯಪ್ಪ

ಆಗಲ್ಲ ಡಾಕ್ಟ್ರೇ, ನೀವು ಹೇಳೋದು ಸರಿ. ವರ್ಷಗಳ ಲೆಕ್ಕ ನೋಡಿದರೇ ಗೊತ್ತಾಗುತ್ತೆ. ಲೈಂಗಿಕತೆ ಮತ್ತು ಲೈಂಗಿಕ ವೈವಿಧ್ಯದ ಪಾಠ ಎಲ್ಲ ಶಾಲೆಗಳಿಗೂ ಕಡ್ಡಾಯವಾಗಿದ್ದು 2012ರ ಡಿಸೆಂಬರಿನಲ್ಲಿ. ಹದಿಹರೆಯದ ಬಸಿರು ಅದಕ್ಕಿಂತ ಎಷ್ಟೋ ಮೊದಲೇ ಕಡಿಮೆ ಇತ್ತು.

ಕಡಿಮೆ ಮಾಡಿದ್ದು ಮನೆ ಡಾಕ್ಟರು. ಇಲ್ಲಿ ಪ್ರತಿಯೊಬ್ಬರಿಗೂ ಒಬ್ಬ ‘ಹೌಸ್‌ಆರ್ಟ್ಸ್’ ಇರುತ್ತಾರಲ್ಲ, ನೆಗಡಿಗೂ ಅವರೇ, ಮಾತ್ರೆಗೂ ಅವರೇ. ಮಾತ್ರೆ ಬರೆದುಕೊಡಲು ಪರೀಕ್ಷೆ ಗಿರೀಕ್ಷೆ ಅಂತ ಹೆದರಿಸುವುದಿಲ್ಲ. 70ರ ದಶಕದ ಆರಂಭದಲ್ಲಿ ಮಾತ್ರೆಯ ಖರ್ಚು ವಿಮೆಗೆ ಸೇರಿತು. ಹುಡುಗಿಗೆ ಮಾತ್ರೆ, ಹುಡುಗನಿಗೆ ಕಾಂಡೋಮ್, ಎರಡೂ ಒಟ್ಟಿಗೆ ಅನ್ನುವ ರೂಢಿ ಏಡ್ಸ್ ಬಂದ ಮೇಲೆ ಬಂತು. ಅದಕ್ಕೆ ‘ಡಬಲ್ ಡಚ್’ ಅಂತ ಹೆಸರು.

ಪಾಠ ಕೇಳಿದರೆ ಮಕ್ಕಳು ಬೇಗ ಕೆಡುತ್ತಾರೆ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದರು. ಇಲ್ಲಿ 25ರೊಳಗಿನವರ ಬಗ್ಗೆ ಕೆಲವು ವರ್ಷಕ್ಕೊಮ್ಮೆ ದೊಡ್ಡ ಸಮೀಕ್ಷೆ ನಡೆಯುತ್ತೆ. ಅರ್ಧದಷ್ಟು ಯುವಕರು ಮೊದಲ ಸಲ ಸಂಭೋಗ ನಡೆಸಿದ ವಯಸ್ಸು 2012ರಲ್ಲಿ 17.1, 2017ರಲ್ಲಿ 18.6. ತಡವಾಯ್ತೇ ಹೊರತು ಬೇಗ ಆಗಲಿಲ್ಲ. ಪಾಠದಿಂದಲೇ ತಡವಾಯ್ತು ಅಂತಲೂ ನಾನು ಹೇಳಲ್ಲ. ಮೊಬೈಲು ಹಿಡಿದು ಮನೆಯಲ್ಲಿ ಕೂತಿದ್ದಕ್ಕೂ ಇರಬಹುದು.

ಬಾಣಂತಿ ಬಾಗಲಕೋಟೆ

ಎಲ್ಲರೂ ಮಾತ್ರೆ ಬಗ್ಗೆನೇ ಮಾತಾಡ್ತಿದ್ದೀರಿ. ನಾನು ಹೆರಿಗೆ ಬಗ್ಗೆ ಹೇಳ್ತೀನಿ, ಐಂಡ್‌ಹೋವನ್‌ನಲ್ಲಿ ಹೋದ ವರ್ಷ ಹೆತ್ತವಳು.

ಅಮ್ಮನಿಗೆ ವೀಸಾ ತಡವಾಯ್ತು. ಬಾಣಂತನ ಯಾರು ಮಾಡ್ತಾರೆ ಅಂತ ಅಳ್ತಾ ಕೂತಿದ್ದೆ. ಸೂಲಗಿತ್ತಿ (ಇಲ್ಲಿ ಈಗಲೂ ಬಸಿರು ನೋಡೋದು ಅವರೇ, ತೊಂದರೆ ಇದ್ದರೆ ಮಾತ್ರ ದೊಡ್ಡ ಡಾಕ್ಟರು) ಬಂದು ಮೊದಲು ನೋಡಿದ್ದು ನನ್ನನ್ನಲ್ಲ, ಮಂಚವನ್ನು. ಮಂಚ ತಗ್ಗಾಯ್ತು, ಕಾಲಿಗೆ ಕಟ್ಟೆ ಕೊಟ್ಟು ಎತ್ತರಿಸಿ, ಇಲ್ಲದಿದ್ದರೆ ನೋಡಿಕೊಳ್ಳುವವರ ಸೊಂಟ ಹೋಗುತ್ತೆ ಅಂದರು. ಆ ಕಟ್ಟೆಯನ್ನು ಬಾಡಿಗೆಗೆ ಕೊಡೋ ಅಂಗಡಿ ಬೇರೆ ಇದೆ! ಹೆರಿಗೆ ಆದ ಮೇಲೆ ಎಂಟು ದಿನ ‘ಕ್ರಾಮ್‌ಜೋರ್ಗ್’ ಅಕ್ಕ ಮನೆಗೆ ಬಂದರು. ಮಗುವಿಗೆ ಸ್ನಾನ, ನನಗೆ ಹಾಲೂಡಿಸೋದು ಹೇಳಿಕೊಡೋದು, ತೊಟ್ಟಿಲಿಗೆ ಬಿಸಿನೀರಿನ ಬಾಟಲಿ, ಬಂದವರಿಗೆ ಕಾಫಿ. ನಾಲ್ಕನೇ ದಿನ ನನ್ನ ಹೊಲಿಗೆ ನೋಡಿ, ಗಂಡನ ಎದುರೇ ‘ಮುಂದಿನ ಮಗು ಯಾವಾಗ ಅಂತ ಯೋಚಿಸಿದ್ದೀರಾ, ಅಲ್ಲಿವರೆಗೆ ಏನು ಬಳಸ್ತೀರಿ’ ಅಂದರು. ಯಜಮಾನರು ಅಡುಗೆಮನೆಗೆ ಓಡಿದರು. ಆಕೆ ಕರೆದು ಕೂರಿಸಿದರು. ‘ಅರ್ಧ ಪ್ರಶ್ನೆ ನಿಮಗೆ’ ಅಂದರು.

ಹಳೇ ಕಾಗದ

ತಂಗೀ, ಆ ಮಂಚದ ಕಟ್ಟೆಯಲ್ಲೇ ನೂರೈವತ್ತು ವರ್ಷದ ಕಥೆ ಇದೆ. 1853ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ನಲ್ಲಿ ನೀರಿರಲಿಲ್ಲ. ಸಮುದ್ರದ ಮರಳುದಿಬ್ಬಗಳಿಂದ ಕೊಳವೆಯಲ್ಲಿ ನೀರು ತಂದು ಊರಬಾಗಿಲಿನ ಹತ್ತಿರ ಬಕೆಟ್ಟಿಗೆ ಒಂದು ಸೆಂಟಿನಂತೆ ಮಾರಿದರು. ಆ ಒಂದು ಸೆಂಟೂ ಇಲ್ಲದವರು ಕಾಲುವೆ ನೀರನ್ನೇ ಕುಡಿದರು. 1866ರ ಕಾಲರಾದಲ್ಲಿ ದೇಶದಲ್ಲಿ ಸತ್ತವರು ಸುಮಾರು 20,000. ಆ ಭಯದ ನೆನಪಿನಲ್ಲೇ 1875ರಲ್ಲಿ ‘ಬಿಳಿ ಶಿಲುಬೆ’ ಅನ್ನುವ ಸಂಘ ಹುಟ್ಟಿತು, ಆಮೇಲೆ ‘ಹಸಿರು ಶಿಲುಬೆ’. ಕ್ಯಾಥೊಲಿಕರು ತಮಗೇ ಅಂತ ಬಿಳಿ ಹಳದಿ ಶಿಲುಬೆ ಮಾಡಿಕೊಂಡರು, ಪ್ರಾಟೆಸ್ಟೆಂಟರದ್ದು ಕಿತ್ತಳೆ ಹಸಿರು. ಒಂದೇ ಊರಿನಲ್ಲಿ ಬೇರೆ ಬೇರೆ ಬಣ್ಣದ ನರ್ಸುಗಳು ಬೇರೆ ಬೇರೆ ಸೈಕಲ್ ಮೇಲೆ! ವರ್ಷಕ್ಕೆ ಚೂರು ಚಂದಾ ಕೊಟ್ಟರೆ ಊರುಗೋಲು, ಬೆಡ್‌ಪ್ಯಾನ್, ಮಂಚದ ಕಟ್ಟೆ ಎಲ್ಲ ಎರವಲು ಸಿಗುತ್ತಿತ್ತು. ನೀವು ಹೋದ ಅಂಗಡಿ ಅದರದೇ ಮೊಮ್ಮಗ.

ಲೈಂಗಿಕ ಆರೋಗ್ಯದಲ್ಲೂ ಇದೇ ದಾರಿ. ಸಂಘದವರು ಮಾಡೋದು, ಸರ್ಕಾರ ದುಡ್ಡು ಕೊಟ್ಟು ಬದಿಯಲ್ಲಿ ನಿಲ್ಲೋದು. ಗರ್ಭಪಾತ ನೋಡಿ. 1971ರಲ್ಲೇ ಆರ್ನೆಮ್‌ನಲ್ಲಿ ಕ್ಲಿನಿಕ್ ತೆರೆಯಿತು, ಕಾನೂನಿನಲ್ಲಿ ಇನ್ನೂ ಅಪರಾಧ. 1976ರಲ್ಲಿ ನ್ಯಾಯಮಂತ್ರಿ ವಾನ್ ಆಗ್ಟ್ ಹೇಮ್‌ಸ್ಟೇಡದ ಬ್ಲೂಮೆನ್‌ಹೋವ ಕ್ಲಿನಿಕ್ ಮುಚ್ಚಿಸಲು ಹೊರಟಾಗ ಹೆಂಗಸರು ಒಳಗೆ ನುಗ್ಗಿ ಹಾಸಿಗೆ ಹಾಸಿಕೊಂಡು ಕೂತುಬಿಟ್ಟರು. ಮುಚ್ಚಲು ಆಗಲಿಲ್ಲ. ಕಾನೂನು ಪಾಸಾಗಿದ್ದು 1981ರಲ್ಲಿ, ಜಾರಿಗೆ ಬಂದಿದ್ದು 1984ರಲ್ಲಿ. ಅದರಲ್ಲೂ ಐದು ದಿನ ಯೋಚಿಸಿ ಬಾ ಅನ್ನುವ ಷರತ್ತು. ಅದು ಹೋಗಿದ್ದು 2023ರ ಜನವರಿಯಲ್ಲಿ.

ಆಮ್‌ಸ್ಟೆಲ್ವೇನ್ ಮಾವ

ಹೆಂಗಸರೆಲ್ಲ ಒಂದೇ ಮನಸ್ಸಿನವರು, ದೇಶವೆಲ್ಲ ಒಂದೇ ದಾರಿ ಅನ್ನುವ ಹಾಗೆ ಬರೆಯುತ್ತಿದ್ದೀರಿ. ನನ್ನ ಆಫೀಸಿನಲ್ಲಿ ‘ಬೈಬಲ್ ಪಟ್ಟಿ’ಯ, ಅಂದರೆ ಕಟ್ಟಾ ಪ್ರಾಟೆಸ್ಟೆಂಟರ ಸೀಮೆಯ, ಹಳ್ಳಿಯಿಂದ ಬರುವವನು ಒಬ್ಬನಿದ್ದಾನೆ. ಭಾನುವಾರ ಸೈಕಲ್ ಕೂಡ ಮುಟ್ಟಲ್ಲ. ಅವನ ಮಕ್ಕಳ ಶಾಲೆಯಲ್ಲಿ ಈ ಕಚಗುಳಿ ಇಲ್ಲವಂತೆ. ಅವರಿಗಿರುವ ಹಕ್ಕು ನಮಗೆ ಯಾಕಿಲ್ಲ?

ಪುಟ್ಟಿಯಪ್ಪ

ನಿಮಗೂ ಇದೆ ಮಾವ. ಇಲ್ಲಿಯ ಸಂವಿಧಾನದ 23ನೇ ವಿಧಿ, ತಮ್ಮ ನಂಬಿಕೆಗೆ ತಕ್ಕ ಶಾಲೆ ನಡೆಸುವ ಹಕ್ಕು. 1917ರಲ್ಲಿ ಧಾರ್ಮಿಕ ಶಾಲೆಗಳಿಗೂ ಸರ್ಕಾರಿ ಶಾಲೆಗಳಷ್ಟೇ ದುಡ್ಡು ಕೊಡಬೇಕು ಅಂತ ಒಪ್ಪಂದ ಆಯ್ತು. ಹಾಗಾಗಿ 2012ರ ನಿಯಮವೂ ಏನು ಕಲಿಸಬೇಕು ಅನ್ನುತ್ತೆ, ಹೇಗೆ ಅನ್ನಲ್ಲ. ಲೆಂಟೆಕ್ರೀಬಲ್ಸ್ ಕಡ್ಡಾಯ ಅಲ್ಲವೇ ಅಲ್ಲ. ನಿಮ್ಮ ಸಹೋದ್ಯೋಗಿಯ ಶಾಲೆ ಬೈಬಲ್ ಹಿಡಿದೇ ಆ ಪಾಠ ಮಾಡುತ್ತಿರಬಹುದು.

ಆ ಪಟ್ಟಿಯ ಇನ್ನೊಂದು ಮುಖವೂ ಇದೆ. ದೇವರ ಇಚ್ಛೆಗೆ ಅಡ್ಡ ಬರಬಾರದು ಅಂತ ಲಸಿಕೆ ಬೇಡ ಅನ್ನುವವರು ಅಲ್ಲಿ ಬಹಳ. 1971ರಲ್ಲಿ ಸ್ಟಾಪ್‌ಹೋರ್ಸ್ಟ್‌ನಲ್ಲಿ ಪೋಲಿಯೊ ಬಂತು, ಆ ಪಟ್ಟಿಯ ಊರುಗಳಲ್ಲಿ 1978ರಲ್ಲಿ ಮತ್ತೆ, 1992ರಲ್ಲಿ ಮತ್ತೆ. ಆದರೂ ಸರ್ಕಾರ ಲಸಿಕೆಗೆ ಒತ್ತಾಯ ಮಾಡಲಿಲ್ಲ. ಅದು ಸರಿಯಾ ಅಂತ ನನ್ನನ್ನು ಕೇಳಿದರೆ, ಮಕ್ಕಳ ಕಾಲು ಹೋಗುವಾಗ ಇಷ್ಟು ಮರ್ಯಾದೆ ಜಾಸ್ತಿಯಾಯ್ತು ಅನ್ನಿಸುತ್ತೆ.

ಹುಬ್ಬಳ್ಳಿ ಡಾಕ್ಟರ್

ಬರೀ ದೇವರ ಹೆಸರಲ್ಲ ಸರ್, ಗಾಳಿಮಾತೂ ಇದೆ. 2009ರಲ್ಲಿ ಅಲ್ಲಿ ಹದಿಹರೆಯದ ಹುಡುಗಿಯರಿಗೆ ಗರ್ಭಕೊರಳ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಶುರುವಾದಾಗ ಇಂಟರ್‌ನೆಟ್ಟಿನಲ್ಲಿ ಏನೇನೋ ಹಬ್ಬಿ, ಹತ್ತಿರ ಹತ್ತಿರ ಅರ್ಧ ಹುಡುಗಿಯರು ಬರಲೇ ಇಲ್ಲ. ಓದಿದವರ ದೇಶ ಅದು. ಈಗ ಹುಡುಗರಿಗೂ ಕೊಡ್ತಾರೆ.

ಪುಟ್ಟಿಯಪ್ಪ

2023ರಲ್ಲೂ ಅದೇ ಆಯ್ತು ಡಾಕ್ಟ್ರೇ. ಲೆಂಟೆಕ್ರೀಬಲ್ಸ್‌ನಲ್ಲಿ ಪುಟ್ಟ ಮಕ್ಕಳಿಗೆ ಏನೇನೋ ತೋರಿಸುತ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿತು. ರಟ್ಗರ್ಸ್ ಸಂಸ್ಥೆಯವರಿಗೆ ಬೆದರಿಕೆ ಬಂದವು. ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಎರಡು ಚಿತ್ರಗಳನ್ನು ಶಾಲೆಯಲ್ಲಿ ತೋರಿಸಿ ಕೇಳಿದೆ. ಎರಡೂ ಅವರ ಪಾಠದ್ದಲ್ಲ.

ಆಮ್‌ಸ್ಟೆಲ್ವೇನ್ ಮಾವ

ಮೂರು ವಾರ ಆಯ್ತು, ಮತ್ತೆ ಬಂದೆ. ನಮ್ಮ ಮೊಮ್ಮಗನ ಶಾಲೆಯಲ್ಲೂ ಮುಗಿಯಿತು. ನನ್ನ ಅಭಿಪ್ರಾಯ ಬದಲಾಗಿಲ್ಲ, ಇನ್ನೆರಡು ವರ್ಷ ತಡೆದು ಶುರು ಮಾಡಿದರೆ ಗಂಟೇನೂ ಹೋಗಲ್ಲ.

ಆದರೆ ಒಂದು ಪಜೀತಿ. ಕಾಗದದ ಆ ಮನುಷ್ಯನ ಚಿತ್ರ ಮನೆಗೆ ತಂದು ಗೋಡೆಗೆ ಅಂಟಿಸಿದ್ದಾನೆ. ಡಚ್‌ನಲ್ಲಿ ಎಲ್ಲ ಹೆಸರೂ ಬರೆದಿದೆ. ‘ತಾತ, ಇದಕ್ಕೆಲ್ಲ ಕನ್ನಡದಲ್ಲಿ ಏನಂತಾರೆ, ಪಕ್ಕದಲ್ಲಿ ಬರಿ’ ಅಂತ ಪೆನ್ಸಿಲ್ ಕೊಟ್ಟ. ಕಣ್ಣು, ಮೂಗು, ಹೊಟ್ಟೆ ಬರೆದೆ. ಹೊಕ್ಕುಳ ಕೆಳಗೆ ಬಂದಾಗ ಕೈ ನಿಂತಿತು. ನನಗೆ ಬರುವುದು ಎರಡೇ ಥರ, ಒಂದು ಬೈಗುಳ, ಇನ್ನೊಂದು ಸಂಸ್ಕೃತ. ನೀವೆಲ್ಲ ಮನೆಯಲ್ಲಿ ಏನಂತೀರಿ?

ಕುಂದಾಪ್ರದ ನರ್ಸಕ್ಕ

ನಮ್ಮ ಮನೆಯಲ್ಲಿ ‘ಅದು’ ಮಾವ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿಯೂ ‘ಅದು’.

ಪುಟ್ಟಿಯಪ್ಪ

ನಾನೂ ತಲೆಕೆಡಿಸಿಕೊಂಡು ಊರಿಗೆ ವಿಡಿಯೊ ಕಾಲ್ ಮಾಡಿ ಅಮ್ಮನನ್ನು ಕೇಳಿದೆ, ಮಕ್ಕಳಿಗೆ ಹೇಳುವ ಒಳ್ಳೆಯ ಮಾತು ಯಾವುದಾದರೂ ಇತ್ತಾ ಅಂತ. ಅಮ್ಮ ಫೋನ್ ಎತ್ತಿಕೊಂಡು ಹಜಾರದಿಂದ ಹಿತ್ತಲಿಗೆ ನಡೆದರು. ತೆಂಗಿನಮರ, ಬಟ್ಟೆ ಒಣಗಿಸುವ ತಂತಿ, ಆಕಾಶ ಎಲ್ಲ ಅಲ್ಲಾಡಿದವು. ‘ನಿಮ್ಮಪ್ಪ ಒಳಗೆ ಪೇಪರ್ ಓದ್ತಿದ್ದಾರೆ’ ಅಂತ ದನಿ ಇಳಿಸಿದರು. ‘ಆಮೇಲೆ ಮಾಡು, ಹೇಳ್ತೀನಿ.’